ಸುಡೋ ಎಂದರೆ ಸುಡುವುದಲ್ಲ

ಈ ವಾರ ನಮ್ಮ ಮನೆಯ ನಡುಮನೆಯಲ್ಲಿ ನಡೆದ ಒಂದು ಸಂಭಾಷಣೆಯಿಂದ ಆರಂಭಿಸುತ್ತೇನೆ. ಸಂಜೆಯ ಹೊತ್ತು. ನಾನು ಮೂಲೆಯಲ್ಲಿನ ಹಳೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ನನ್ನ ವಿದ್ಯಾರ್ಥಿಯೊಬ್ಬ ಪಕ್ಕದಲ್ಲಿ ನಿಂತು ನನಗೆ ಪಾಠ ಹೇಳುತ್ತಿದ್ದ. ನನ್ನ ತಾಯಿ ದೇವರ ಮನೆಯ ಹೊಸ್ತಿಲ ಬಳಿ ಹೂ ಕಟ್ಟುತ್ತಿದ್ದರು.

"ಈಗ ಸಿಡಿ ಹಾಕಿ, ಸಾರ್."

ಹಾಕಿದೆ.

"ಇನ್ನು ಸುಡೋ."

ಅಮ್ಮನ ಕೈಯಲ್ಲಿದ್ದ ಬಾಳೆಯ ನಾರು ಅಲ್ಲಿಗೇ ನಿಂತಿತು. "ಏನೋ ಅದು? ಸಿಡಿ ಅಂತಾನೆ, ಸುಡು ಅಂತಾನೆ! ದೀಪಾವಳಿಗೆ ಇನ್ನೂ ಎಷ್ಟು ದಿನ ಇದೆ! ಅದೂ ಅಲ್ಲದೆ, ಪಾಠ ಹೇಳಿದ ಮೇಷ್ಟ್ರನ್ನ ಯಾರಾದರೂ 'ಸುಡೋ' ಅಂತ ಏಕವಚನದಲ್ಲಿ ಮಾತಾಡಿಸ್ತಾರೇನಪ್ಪಾ?"

ಹುಡುಗ ನಾಲಗೆ ಕಚ್ಚಿಕೊಂಡ. ಸುಡೋ ಎಂದರೆ ಸುಡುವುದಲ್ಲ, ಸಿಡಿ ಎಂದರೆ ಸಿಡಿಯುವುದೂ ಅಲ್ಲ ಎಂದು ಅಮ್ಮನಿಗೆ ವಿವರಿಸುವ ಹೊಣೆ ನನ್ನ ಪಾಲಿಗೆ ಬಂತು. ಇದ್ದ ಫೋಲ್ಡರನ್ನು ಬಿಟ್ಟು ಇನ್ನೊಂದಕ್ಕೆ ಹೋಗು ಎಂಬ ಅಪ್ಪಣೆಗೆ ಸಿಡಿ ಎಂದು ಹೆಸರು. 'ಯಜಮಾನನ ಅಧಿಕಾರದಿಂದ ಹೇಳುತ್ತಿದ್ದೇನೆ, ಮಾಡು' ಎಂಬುದಕ್ಕೆ ಸುಡೋ ಎಂದು ಹೆಸರು. ೧೯೮೦ರ ಸುಮಾರಿಗೆ ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾಲಯದಲ್ಲಿ ಇದನ್ನು ರಚಿಸಿದವರಿಗೆ, ಒಂದು ದಿನ ಈ ಮಾತು ಕನ್ನಡದ ಒಬ್ಬ ತಾಯಿಯನ್ನು ಗಾಬರಿಗೊಳಿಸೀತೆಂಬ ಕಲ್ಪನೆಯಾದರೂ ಎಲ್ಲಿಂದ ಬರಬೇಕು!

ಕನ್ನಡ ಮೇಷ್ಟರಿಗೆ ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಬೇಕಾಯಿತು ಎಂದು ಓದುಗರು ಕೇಳಬಹುದು. ನನ್ನ ಕಂಪ್ಯೂಟರು ೨೦೧೪ರಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. ಅದರಲ್ಲಿ ಆಮೇಲೆ ಹಾಕಿಸಿಕೊಂಡಿದ್ದ ವಿಂಡೋಸ್ ೧೦ಕ್ಕೆ ಅದರ ತಯಾರಕರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಅದರ ಮುಂದಿನ ಆವೃತ್ತಿಯನ್ನು ಹೊರುವ ಯೋಗ್ಯತೆ ನನ್ನ ಯಂತ್ರಕ್ಕಿರಲಿಲ್ಲ. ಅಂಗಡಿಯವನು ಒಮ್ಮೆ ಅದನ್ನೂ ಒಮ್ಮೆ ನನ್ನನ್ನೂ ನೋಡಿ, "ಗುಜರಿಗೆ ಹಾಕಿ ಸಾರ್, ಹೊಸದು ತಗೊಳ್ಳಿ" ಎಂದ. ಹನ್ನೊಂದು ವರ್ಷ ಕೈಹಿಡಿದು ನಡೆದ ವಸ್ತುವನ್ನು ಗುಜರಿಗೆ ಹಾಕುವುದು ನಮ್ಮ ಮನೆತನದಲ್ಲಿಲ್ಲ. ಹೊಸದನ್ನು ಕೊಳ್ಳುವ ಸಂಪತ್ತೂ ಇರಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ.

ಆಗ ಒದಗಿ ಬಂದವನು ಈ ವಿದ್ಯಾರ್ಥಿ. ಬಿ.ಸಿ.ಎ. ಓದುವ ಹುಡುಗ, ನನ್ನ ಬಳಿ ಕನ್ನಡ ಭಾಷಾ ತರಗತಿಗೆ ಬರುತ್ತಿದ್ದವನು. ಅವನ ಉತ್ತರ ಪತ್ರಿಕೆಯಲ್ಲಿ ಪದ ಬಿಡಿಸಬೇಕಾದಲ್ಲಿ ಕೂಡಿಸಿ, ಕೂಡಿಸಬೇಕಾದಲ್ಲಿ ಬಿಡಿಸಿ ಬರೆದದ್ದಕ್ಕಾಗಿ 'ಗಮನವಿಟ್ಟು ಬರೆಯತಕ್ಕದ್ದು' ಎಂದು ಕೆಂಪು ಶಾಯಿಯಲ್ಲಿ ನಾನೇ ಷರಾ ಬರೆದಿದ್ದೆ. ಈ ಷರಾವನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು.

"ಲಿನಕ್ಸ್ ಹಾಕೋಣ ಸಾರ್. ದುಡ್ಡು ಕೊಡೋ ಹಾಗಿಲ್ಲ" ಎಂದು ಆತ ಹೇಳಿ, ಲಿನಕ್ಸ್ ಮಿಂಟ್ ಎಂಬುದನ್ನು ಪೆನ್‌ಡ್ರೈವಿನಲ್ಲಿ ತಂದ. "ಪೆಪ್ಪರ್‌ಮಿಂಟಿನ ಹಾಗೆ ಬಿಟ್ಟಿ ಹಂಚುವುದು ಎಷ್ಟು ದಿನ ಬಾಳೀತು?" ಎಂದು ನನ್ನಾಕೆ ಸಂದೇಹಪಟ್ಟಳು.

ಈ ಸಂದೇಹ ನ್ಯಾಯವಾದದ್ದೇ. ಆದರೆ ಇದರ ಕಥೆ ಬೇರೆ. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕನ್ನರು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವೆನೆಂದು ಸಾರಿ, ಗ್ನೂ ಎಂಬ ಹೆಸರಿನಲ್ಲಿ ಅದರ ಬಹುಭಾಗವನ್ನು ಸಹಕಾರಿಗಳೊಡನೆ ಸಿದ್ಧಮಾಡಿದರು. ನಡುವಿನ ತಿರುಳೊಂದು ಕೊರತೆಯಾಗಿತ್ತು. ೧೯೯೧ರ ಆಗಸ್ಟಿನಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ಬರಿಯ ಹವ್ಯಾಸಕ್ಕಾಗಿ ಒಂದು ವ್ಯವಸ್ಥೆಯನ್ನು ಬರೆಯುತ್ತಿರುವೆನೆಂದೂ ಅದು ದೊಡ್ಡದಾಗುವಂಥದ್ದಲ್ಲವೆಂದೂ ಕಂಪ್ಯೂಟರು ಜಾಲದ ಒಂದು ಚರ್ಚಾಬಳಗಕ್ಕೆ ತಿಳಿಸಿದ. ಅದೇ ಆ ತಿರುಳು. ದೊಡ್ಡದಾಗದೆಂದು ಆತ ಹೇಳಿದ ವಸ್ತು ಇಂದು ಆಂಡ್ರಾಯ್ಡ್ ಫೋನುಗಳೆಲ್ಲದರ ಒಡಲಿನಲ್ಲಿದೆ. ಲೋಕದ ಅತಿ ವೇಗದ ಐನೂರು ಮಹಾಗಣಕಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದ ಲಿನಕ್ಸಿನ ಹೊರತು ಬೇರೊಂದಿಲ್ಲ. "ಅಂದರೆ ಬಿಟ್ಟಿ ಪೆಪ್ಪರ್‌ಮಿಂಟು ಇಷ್ಟು ದಿನವೂ ನಿನ್ನ ಕೈಯಲ್ಲೇ ಇತ್ತು" ಎಂದು ನಾನು ಅವಳ ಫೋನನ್ನು ತೋರಿಸಿದೆ.

ಇದಕ್ಕೆ ಓಪನ್ ಸೋರ್ಸ್, ಎಂದರೆ ಮುಕ್ತ ಆಕರ ಎನ್ನುತ್ತಾರೆ. ಪಕ್ಕದ ಮನೆಯವರು ಒಂದು ಬಟ್ಟಲು ಸಾರಿನಪುಡಿ ಕೊಟ್ಟರೆ ಅದು ಉಪಕಾರ. ಪುಡಿಯ ಜೊತೆಗೆ ಅದರ ಅಳತೆಯನ್ನೂ ಬರೆದುಕೊಟ್ಟು, 'ನಿಮ್ಮ ನಾಲಗೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಇನ್ನೊಬ್ಬರಿಗೆ ಪುಡಿ ಕೊಟ್ಟಾಗ ಅಳತೆಯನ್ನೂ ಬಚ್ಚಿಡದೆ ಕೊಡಿ' ಎಂದರೆ ಅದು ಲಿನಕ್ಸಿನ ಧರ್ಮ.

ಲಿನಕ್ಸಿನಲ್ಲಿಯೂ ಚಿತ್ರಗಳುಂಟು, ಒತ್ತುವುದಕ್ಕೆ ಮೌಸ್ ಉಂಟು. ಆದರೆ ನನ್ನ ಗುರು, ಎಂದರೆ ನನ್ನ ಶಿಷ್ಯ, ಅದಕ್ಕೆ ಒಪ್ಪಲಿಲ್ಲ. ಟರ್ಮಿನಲ್ ಎಂಬ ಒಂದು ಕಪ್ಪು ಕಿಟಕಿಯನ್ನು ತೆರೆದು, "ಇಲ್ಲಿ ಮಾತಾಡೋದು ಕಲೀರಿ ಸಾರ್. ಚಿತ್ರ ಒತ್ತೋದು, ಹೋಟೆಲಿನಲ್ಲಿ ಪಕ್ಕದ ಮೇಜಿನ ದೋಸೆಗೆ ಬೆರಳು ತೋರಿಸಿ 'ಅದು ಕೊಡಿ' ಅಂದ ಹಾಗೆ. ಭಾಷೆ ಬಂದರೆ ಏನು ಬೇಕಾದರೂ ಕೇಳಬಹುದು" ಎಂದ. ಭಾಷೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹಿಂದೆಗೆಯುವುದು ನನ್ನ ವೃತ್ತಿಗೆ ಶೋಭಿಸುವುದಿಲ್ಲ.

ಮೊದಲ ಪಾಠ, ಪಿಡಬ್ಲ್ಯುಡಿ. ನಮ್ಮಲ್ಲಿ ಈ ಮೂರಕ್ಷರಕ್ಕೆ ರಸ್ತೆ ಸೇತುವೆಗಳ ಇಲಾಖೆಯೆಂದು ಅರ್ಥ. ಅಲ್ಲಿ 'ನಾನೀಗ ಎಲ್ಲಿದ್ದೇನೆ?' ಎಂಬ ಪ್ರಶ್ನೆ. ಎರಡನೆಯದು ಎಲ್‌ಎಸ್; 'ಇಲ್ಲಿ ಏನೇನಿದೆ, ಪಟ್ಟಿ ಕೊಡು' ಎಂದರ್ಥ. ಆಮೇಲೆ ಅಮ್ಮನನ್ನು ಬೆದರಿಸಿದ ಸಿಡಿ. ಸಿಪಿ ಎಂದರೆ ನಕಲು ಮಾಡು. ಎಂಕೆಡಿಐಆರ್ ಎಂದರೆ ಹೊಸ ಫೋಲ್ಡರು ಮಾಡು. ಆರ್‌ಎಂ ಎಂದರೆ ತೆಗೆದುಹಾಕು. ಯಾವುದಾದರೂ ಅಪ್ಪಣೆಯ ಅರ್ಥ ಮರೆತರೆ, ಮ್ಯಾನ್ ಎಂದು ಬರೆದು ಅದರ ಮುಂದೆ ಆ ಅಪ್ಪಣೆಯನ್ನು ಬರೆದರೆ ಸಾಕು, ಕೈಪಿಡಿಯ ಪುಟವೇ ತೆರೆಯುತ್ತದೆ.

ಎಂವಿ ಎಂಬುದು ನನಗೆ ಬಹಳ ಹಿಡಿಸಿತು. ಒಂದು ಫೈಲನ್ನು ಬೇರೆಡೆಗೆ ಸಾಗಿಸುವುದಕ್ಕೂ ಅದೇ ಕ್ರಿಯಾಪದ, ಅದರ ಹೆಸರನ್ನು ಬದಲಾಯಿಸುವುದಕ್ಕೂ ಅದೇ. ಹಿಂದೆ ನಮ್ಮ ಮನೆಗಳಲ್ಲಿ ಸೊಸೆಯಾಗಿ ಬಂದವಳಿಗೆ ಮನೆಯೂ ಬದಲಾಗುತ್ತಿತ್ತು, ಹೆಸರೂ ಬದಲಾಗುತ್ತಿತ್ತು. ನನ್ನ ತಾಯಿಗೂ ಹಾಗೆಯೇ ಆಗಿತ್ತು. ತವರಿನ ಹೆಸರಿನಿಂದ ಅವರನ್ನು ಕರೆಯುತ್ತಿದ್ದವರು ಅವರ ಅಕ್ಕ, ನಮ್ಮ ದೊಡ್ಡಮ್ಮ, ಒಬ್ಬರೇ.

ಈ ಅಪ್ಪಣೆಗಳೆಲ್ಲ ಏಕೆ ಇಷ್ಟು ಮೊಟಕು? ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿಯವರ ಕೈಯಲ್ಲಿ ಹುಟ್ಟಿತು. ಆಗ ಪರದೆಯಲ್ಲ, ಟೆಲಿಟೈಪ್ ಎಂಬ ಗಡುಸಾದ ಟೈಪ್‌ರೈಟರು. ಅದು ಕಾಗದದ ಮೇಲೆ ಕ್ಷಣಕ್ಕೆ ಹತ್ತು ಅಕ್ಷರಗಳಷ್ಟನ್ನೇ ಒತ್ತುತ್ತಿತ್ತು. ಒಂದೊಂದು ಅಕ್ಷರಕ್ಕೂ ಬೆರಳು ನೋಯುವಾಗ ಮಾತು ಸೂತ್ರಪ್ರಾಯವಾಗುವುದು ಸಹಜ. ಉತ್ತರವೂ ಹಾಗೆಯೇ. ಹೇಳಿದ ಕೆಲಸ ಆಯಿತೆಂದರೆ ಯಂತ್ರ ಮೌನವಾಗಿರುತ್ತದೆ. ಆಗದಿದ್ದರೆ ಮಾತ್ರ ಬಾಯಿ ಬಿಡುತ್ತದೆ. ಈ ಮೌನದ ವಿಷಯವನ್ನು ಮುಂದೆ ಹೇಳಲಿಕ್ಕಿದೆ.

ಫೈಲುಗಳ ವ್ಯವಸ್ಥೆಯೊಂದು ಮರ. ಆದರೆ ಅದರ ಬೇರು ಮೇಲೆ, ಕೊಂಬೆಗಳು ಕೆಳಗೆ. ತುತ್ತತುದಿಯಲ್ಲಿರುವ ಸ್ಥಾನಕ್ಕೆ ಬೇರು ಎಂದೇ ಹೆಸರು. ಭಗವದ್ಗೀತೆಯ ಹದಿನೈದನೆಯ ಅಧ್ಯಾಯದ ತಲೆಕೆಳಗಾದ ಅಶ್ವತ್ಥವನ್ನು ನಾನು ಮೊತ್ತಮೊದಲು ಕಣ್ಣಾರೆ ಕಂಡದ್ದು ಈ ಕಪ್ಪು ಕಿಟಕಿಯಲ್ಲಿ ಎಂದರೆ ಓದುಗರು ನಗಬಾರದು.

ಇದರ ವ್ಯಾಕರಣವೂ ಸ್ವಾರಸ್ಯವಾಗಿದೆ. ಇಲ್ಲಿ ಇರುವುದು ಒಂದೇ ಅರ್ಥ, ವಿಧ್ಯರ್ಥ. 'ಮಾಡು' ಎನ್ನಬಹುದಲ್ಲದೆ 'ಮಾಡಿದರೆ ಒಳ್ಳೆಯದಿತ್ತು' ಎನ್ನುವಂತಿಲ್ಲ. ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಲ್ಲಿ ಮೊದಲು ಕ್ರಿಯಾಪದ, ಬಳಿಕ ಅಡ್ಡಗೆರೆ ಹಚ್ಚಿದ ಕ್ರಿಯಾವಿಶೇಷಣ, ಕೊನೆಗೆ ಕರ್ಮಪದ. ಕರ್ತೃಪದ ಯಾವಾಗಲೂ ಅಧ್ಯಾಹಾರ.

ಎಲ್ಲಕ್ಕಿಂತ ನನಗೆ ಸಂತೋಷ ತಂದದ್ದು ಪೈಪ್ ಎಂಬ ಲಂಬಗೆರೆ. ಡಗ್ ಮೆಕಿಲ್‌ರಾಯ್ ಎಂಬವರು ಬಹುಕಾಲ ಹೇಳುತ್ತ ಬಂದ ಈ ಯೋಚನೆಯನ್ನು ಥಾಂಪ್ಸನ್ ೧೯೭೩ರಲ್ಲಿ ಯುನಿಕ್ಸಿಗೆ ಸೇರಿಸಿದರು. ನೋಡುವುದಕ್ಕೆ ನಮ್ಮ ಹಳೆಯ ಪದ್ಯಗಳ ಅರ್ಧಕ್ಕೆ ಹಾಕುವ ದಂಡದ ಹಾಗಿದೆ. ಆದರೆ ದಂಡ ನಿಲ್ಲಿಸುತ್ತದೆ, ಇದು ಜೋಡಿಸುತ್ತದೆ. ಮೊದಲ ಅಪ್ಪಣೆಯಿಂದ ಹೊರಟದ್ದನ್ನು ಎರಡನೆಯದರ ಕೈಗೆ ಕೊಡುತ್ತದೆ. ಎಲ್‌ಎಸ್ ಎಂದು ಬರೆದು, ಗೆರೆಯೆಳೆದು, ಗ್ರೆಪ್ ಆರತಿ ಎಂದು ಬರೆದು, ಮತ್ತೆ ಗೆರೆಯೆಳೆದು, ಸಾಲುಗಳನ್ನು ಎಣಿಸುವ ಡಬ್ಲ್ಯುಸಿಯನ್ನು ಹಾಕಿದರೆ, 'ಪಟ್ಟಿ ಮಾಡಿ, ಅದರಲ್ಲಿ ಆರತಿ ಎಂದಿರುವುದನ್ನು ಆರಿಸಿ, ಎಣಿಸು' ಎಂದಾಯಿತು. ಮಾಡಿ, ಆರಿಸಿ ಎಂಬ ಕೃದಂತಾವ್ಯಯಗಳನ್ನು ಸಾಲಾಗಿ ಪೋಣಿಸಿ, ಕೊನೆಗೊಂದು ಪೂರ್ಣಕ್ರಿಯೆಯಿಂದ ಗಂಟು ಹಾಕುವುದು ಅಚ್ಚಕನ್ನಡದ ವಾಕ್ಯರಚನೆಯಲ್ಲವೆ?

ಅದೇ ಡಬ್ಲ್ಯುಸಿಗೆ ನಾನು 'ಕನ್ನಡ' ಎಂಬ ಪದವನ್ನು ಕೊಟ್ಟು ಎಣಿಸಲು ಹೇಳಿದೆ. ಮೂರಕ್ಷರವೆಂದು ನಮಗೆ ಮಗುವಾಗಿದ್ದಾಗಿನಿಂದ ಗೊತ್ತು. ಯಂತ್ರ ಐದು ಎಂದಿತು. ಕ, ನ, ವಿರಾಮಚಿಹ್ನೆ, ಮತ್ತೊಂದು ನ, ಡ ಎಂದು ಅದರ ಲೆಕ್ಕ. ಯಂತ್ರದ ಉಗ್ರಾಣದಲ್ಲಿ ಅದು ಹಿಡಿಯುವ ಜಾಗ ಎಷ್ಟೆಂದು ಕೇಳಿದರೆ ಹದಿನೈದು ಬೈಟು ಎಂದಿತು, ಕನ್ನಡದ ಒಂದೊಂದು ಚಿಹ್ನೆಗೆ ಮೂರರಂತೆ. ಮೂರೂ ಲೆಕ್ಕ ಸರಿಯೇ. ನಾವು ಏನನ್ನು ಕೇಳಿದೆವು ಎಂಬುದರ ಮೇಲೆ ಉತ್ತರ ನಿಂತಿದೆ.

ಇಷ್ಟು ವಿದ್ಯೆ ತಲೆಗೇರಿದ ಮೇಲೆ ಮನುಷ್ಯನಿಗೆ ಸ್ವಲ್ಪ ಗರ್ವ ಬರುತ್ತದೆ. ನನಗೂ ಬಂತು.

ಇಲ್ಲಿ ಅಮ್ಮನ ಹಾಡುಗಳ ಮಾತು ಬರಬೇಕು. ನನ್ನ ತಾಯಿಗೆ ಹಸೆಗೆ ಕರೆಯುವ ಹಾಡು, ಉರುಟಣೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಮೊದಲಾಗಿ ಹಲವಾರು ಹಾಡುಗಳು ಬಾಯಿಗೆ ಬರುತ್ತವೆ. ಇವಕ್ಕೆ ಬರೆದಿಟ್ಟ ಪುಸ್ತಕವಿಲ್ಲ. ಒಬ್ಬರ ಬಾಯಿಂದ ಒಬ್ಬರಿಗೆ ಬಂದವು; ಬಂದ ಮನೆಯಲ್ಲಿ ಒಂದು ನುಡಿ ಸೇರಿಸಿಕೊಂಡು ಮುಂದೆ ಹೋದವು. ಮುಕ್ತ ಆಕರ ಎಂಬ ಹೆಸರು ಹುಟ್ಟುವ ಮೊದಲೇ ನಮ್ಮ ಹೆಂಗಸರು ಅದನ್ನು ನಡೆಸುತ್ತಿದ್ದರು. ದೊಡ್ಡಮ್ಮ ನಮ್ಮಲ್ಲಿ ಬಂದು ಹದಿನೈದು ದಿನ ಇದ್ದಾಗ, ನನ್ನ ಮಗಳು ಅಕ್ಕತಂಗಿಯರಿಬ್ಬರನ್ನೂ ಕೂರಿಸಿಕೊಂಡು ಫೋನಿನಲ್ಲಿ ನಲವತ್ತಮೂರು ಹಾಡುಗಳನ್ನು ಹಿಡಿದಿಟ್ಟಿದ್ದಳು. ನಡುವೆ ಕೆಮ್ಮು ಬಂದದ್ದು, ಕುಕ್ಕರು ಕೂಗಿದ್ದು, ಮರೆತು ನಿಲ್ಲಿಸಿದ್ದು ಹೀಗೆ ಕೆಟ್ಟ ಒಂಬತ್ತಕ್ಕೆ 'ಹಾಳು-೧', 'ಹಾಳು-೨' ಎಂದು ಅವಳೇ ಹೆಸರಿಟ್ಟಿದ್ದಳು. ಊರಿಗೆ ಹಿಂದಿರುಗಿದ ಮೂರು ತಿಂಗಳಿಗೆ ದೊಡ್ಡಮ್ಮ ತೀರಿಕೊಂಡರು.

ಎಲ್ಲವನ್ನೂ ನಾನು ಕಂಪ್ಯೂಟರಿಗೆ ಸಾಗಿಸಿ, ಫೋನಿನಲ್ಲಿ ಜಾಗ ಸಾಲದೆಂದು ಅಲ್ಲಿಂದ ಅಳಿಸಿದೆ. ಇನ್ನು ಆ ಕೆಟ್ಟ ಒಂಬತ್ತನ್ನು ತೆಗೆದರೆ ಫೋಲ್ಡರು ಚೊಕ್ಕಟವಾಗುತ್ತದೆ. ಲಿನಕ್ಸಿನಲ್ಲಿ ನಕ್ಷತ್ರದ ಗುರುತಿಗೆ 'ಏನಾದರೂ ಇರಲಿ' ಎಂದು ಅರ್ಥ. ಹಾಳು ಎಂಬುದಕ್ಕೆ ನಕ್ಷತ್ರವನ್ನು ತಗುಲಿಸಿದರೆ, ಹಾಳು ಎಂದು ಆರಂಭವಾಗುವುದೆಲ್ಲ ಎಂದಾಗುತ್ತದೆ. ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ನಾನೊಬ್ಬನೇ ಕುಳಿತು ಗಂಭೀರವಾಗಿ ಬರೆದೆ: ಆರ್‌ಎಂ, ಹಾಳು, ನಕ್ಷತ್ರ.

ಯಂತ್ರ ಒಂದು ಸಾಲಿನ ಉತ್ತರ ಕೊಟ್ಟಿತು. 'ಹಾಳು' ಎಂಬ ಹೆಸರಿನದು ಇಲ್ಲಿಲ್ಲ ಎಂಬುದು ಅದರ ಸಾರಾಂಶ.

ಇದೇನೆಂದು ಎಲ್‌ಎಸ್ ಹಾಕಿದೆ. ಪಟ್ಟಿ ಬರಲಿಲ್ಲ. ಇನ್ನೊಮ್ಮೆ ಹಾಕಿದೆ. ಫೋಲ್ಡರಿನಲ್ಲಿ ಏನೂ ಇರಲಿಲ್ಲ.

ಹಾಳು ಎಂಬ ಪದಕ್ಕೂ ನಕ್ಷತ್ರಕ್ಕೂ ನಡುವೆ ನಾನು ಒಂದು ತೆರಪು ಬಿಟ್ಟಿದ್ದೆ. ಒಂದೇ ಒಂದು ತೆರಪು. ಅದರಿಂದ ಒಂದು ಕರ್ಮಪದ ಎರಡಾಯಿತು: 'ಹಾಳು ಎಂಬುದನ್ನು ತೆಗೆ, ಏನಿದ್ದರೂ ಎಲ್ಲವನ್ನೂ ತೆಗೆ.' ಮೊದಲನೆಯದು ಸಿಕ್ಕಲಿಲ್ಲವೆಂದು ಪ್ರಾಮಾಣಿಕವಾಗಿ ವರದಿ ಮಾಡಿತು. ಎರಡನೆಯದನ್ನು ಪೂರೈಸಿ, ತನ್ನ ಪದ್ಧತಿಯಂತೆ ಮೌನ ವಹಿಸಿತು. ಮೌಸಿನಿಂದ ಅಳಿಸಿದ್ದು ಕಸದ ಬುಟ್ಟಿಯಲ್ಲಿ ಕೆಲವು ಕಾಲ ಬಿದ್ದಿರುತ್ತದೆ; ಆರ್‌ಎಂಗೆ ಕಸದ ಬುಟ್ಟಿಯಿಲ್ಲ. ಹಳಗನ್ನಡದ ಓಲೆಗರಿಗಳಲ್ಲಿ ಪದಪದಗಳ ನಡುವೆ ತೆರಪಿರುವುದಿಲ್ಲ, ಓದುವವನೇ ಅರ್ಥ ನೋಡಿ ಬಿಡಿಸಿಕೊಳ್ಳಬೇಕು ಎಂದು ವರ್ಷವರ್ಷವೂ ತರಗತಿಯಲ್ಲಿ ಹೇಳುವವನು ನಾನು. ಈ ಯಂತ್ರ ಅರ್ಥ ನೋಡುವ ಜಾತಿಯದಲ್ಲ.

ಬೆಳಗಿನವರೆಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ಹೇಗೆ ಹೇಳುವುದು? ಬೆಳಗಾದೊಡನೆ ಆ ಹುಡುಗನಿಗೆ ಫೋನು ಮಾಡಿದೆ. "ಸಾರ್, ಕಂಪ್ಯೂಟರ್ ಆಫ್ ಮಾಡಿಬಿಡಿ. ಅದರಲ್ಲಿ ಏನೂ ಬರೀಬೇಡಿ. ಬಂದೆ" ಎಂದ.

ಆತ ತಿಳಿಸಿದ್ದು ಇಷ್ಟು. ಆರ್‌ಎಂ ಅಳಿಸುವುದು ಹೆಸರನ್ನು ಮಾತ್ರ. ಹಾಜರಿ ಪುಸ್ತಕದಿಂದ ಹುಡುಗನ ಹೆಸರನ್ನು ಹೊಡೆದುಹಾಕಿದರೂ, ಆ ಬೆಂಚಿಗೆ ಇನ್ನೊಬ್ಬ ಬರುವವರೆಗೆ ಹುಡುಗ ಅಲ್ಲಿಯೇ ಕುಳಿತಿರುತ್ತಾನಲ್ಲ, ಹಾಗೆ. ಆದ್ದರಿಂದ ಹೊಸದೇನನ್ನೂ ಬರೆಯದಿದ್ದರೆ ಕೆಲವು ಸಿಕ್ಕಬಹುದು. ನನ್ನದು ತಟ್ಟೆ ತಿರುಗುವ ಹಳೆಯ ಡಿಸ್ಕಾದದ್ದು ಒಂದು ಪುಣ್ಯ. ಫೋಟೋರೆಕ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ಆತ ಪೆನ್‌ಡ್ರೈವಿನಿಂದ ನಡೆಸಿದ. ಅದು ಇಡೀ ದಿನ ಬೆಂಚುಬೆಂಚನ್ನೂ ತಡವಿ ನೋಡಿ, ಐವತ್ತೆರಡರಲ್ಲಿ ಇಪ್ಪತ್ತೊಂಬತ್ತನ್ನು ಹಿಡಿದು ತಂದಿತು. ಹೆಸರುಗಳು ಮಾತ್ರ ಹೋಗಿದ್ದವು. ಬರಿಯ ಅಂಕಿಗಳು ಉಳಿದಿದ್ದವು.

ತೆರಪಿನ ವಿಷಯದಲ್ಲಿ ಹುಡುಗ ನನಗೆ ಒಂದು ಮಾತನ್ನೂ ಆಡಲಿಲ್ಲ. ಕೆಂಪು ಶಾಯಿಯ ಷರಾ ಅವನಿಗೆ ನೆನಪಿತ್ತೋ ಇಲ್ಲವೋ; ನನಗಿತ್ತು.

ಆ ಸಂಜೆ ಅಮ್ಮನಿಗೆ ವಿಷಯ ತಿಳಿಸಿದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಹಾಡು ಹೋಯ್ತು ಅಂತ ಹೀಗೆ ಕೂತಿದ್ದೀಯಾ? ನಾನಿನ್ನೂ ಇದ್ದೀನಲ್ಲೋ" ಎಂದರು.

ಮರುದಿನದಿಂದ ನಮ್ಮ ನಡುಮನೆಯಲ್ಲಿ ನಾಮಕರಣ ನಡೆಯಿತು. ಹೆಸರಿಲ್ಲದ ಒಂದೊಂದು ಹಾಡನ್ನೂ ನಾನು ಕೇಳಿಸುವುದು, "ಇದು ಹಸೆಗೆ ಕರೆಯೋದು", "ಇದು ಮಂಗಳಗೌರಿ ಆರತಿ" ಎಂದು ಅಮ್ಮ ಹೇಳುವುದು, ಮಗಳು ಎಂವಿ ಎಂದು ಬರೆದು ಹೆಸರಿಡುವುದು. ಇಪ್ಪತ್ತೈದು ಒಳ್ಳೆಯವು ಸಿಕ್ಕಿದವು. ಹದಿನೆಂಟು ಹೋಗಿದ್ದವು. ಅವುಗಳಲ್ಲಿ ಹದಿನೇಳನ್ನು ಅಮ್ಮ ನಾಲ್ಕು ಸಂಜೆ ಕುಳಿತು ಮತ್ತೆ ಹಾಡಿದರು. ಉಳಿದ ಒಂದು, ದೊಡ್ಡಮ್ಮ ಒಬ್ಬರೇ ಹಾಡಿದ್ದ ತೊಟ್ಟಿಲ ಹಾಡು. ಅದರ ಮಾತನ್ನು ನಾನು ಎತ್ತಲಿಲ್ಲ. ಅಮ್ಮನೂ ಎತ್ತಲಿಲ್ಲ.

ಸಿಕ್ಕಿದ ಇಪ್ಪತ್ತೊಂಬತ್ತರಲ್ಲಿ ಕೊನೆಯ ನಾಲ್ಕು ಆ 'ಹಾಳು' ಗುಂಪಿನವು. ನಾನು ಮುಚ್ಚಿಬಿಡಲು ಹೊರಟಾಗ ಮಗಳು, "ಅದನ್ನೂ ಕೇಳೋಣ ಅಪ್ಪಾ" ಎಂದಳು. ಮೂರನೆಯದನ್ನು ಹಾಕಿದೊಡನೆ ದೊಡ್ಡಮ್ಮನ ಧ್ವನಿ ಬಂತು. ಅದೇ ತೊಟ್ಟಿಲ ಹಾಡು. ಎರಡು ನುಡಿ ಆಗುವಷ್ಟರಲ್ಲಿ ಕುಕ್ಕರು ಕೂಗಿತು. ದೊಡ್ಡಮ್ಮ ಹಾಡು ನಿಲ್ಲಿಸಿ ನಕ್ಕು, ಅಮ್ಮನನ್ನು ತವರಿನ ಹೆಸರಿನಿಂದ ಕರೆದು, "ಎದ್ದು ಒಲೆ ಆರಿಸೇ, ಬೇಳೆ ಕರಗಿ ಹೋಗತ್ತೆ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಗೆ ಮುಗಿದಿತ್ತು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಿಕ್ಕ ನುಡಿಗಳನ್ನು ತಾವೇ ಹಾಡಿ ಪೂರ್ತಿ ಮಾಡಿದರು. ಮಗಳು ಹಿಡಿದುಕೊಂಡಳು. ಆ ಫೈಲಿಗೆ ಇಂದು 'ಹಾಳು' ಎಂಬ ಹೆಸರಿಲ್ಲ.

ನಾನು ಇದರಿಂದ ಕಲಿತದ್ದನ್ನು ಓದುಗರಿಗೂ ಹೇಳಿಬಿಡುತ್ತೇನೆ. ಯಾವ ಗುರುತನ್ನು ಆರ್‌ಎಂಗೆ ಕೊಡಬೇಕೆಂದಿರುವಿರೋ ಅದನ್ನು ಮೊದಲು ಎಲ್‌ಎಸ್‌ಗೆ ಕೊಟ್ಟು, ಯಾವ ಯಾವ ಹೆಸರು ಬರುತ್ತವೆಂದು ಕಣ್ಣಿನಿಂದ ನೋಡಿ. ಆರ್‌ಎಂ ಮುಂದೆ ಅಡ್ಡಗೆರೆ ಹಾಕಿ ಐ ಎಂಬ ಅಕ್ಷರವನ್ನು ಬರೆದರೆ, ಒಂದೊಂದನ್ನು ತೆಗೆಯುವಾಗಲೂ ಅದು ನಿಮ್ಮನ್ನು ಕೇಳುತ್ತದೆ. ಆ ವಿನಯವನ್ನು ಅದಕ್ಕೆ ನಾವೇ ಕಲಿಸಬೇಕು. ಸುಡೋ ಎಂದು ಯಜಮಾನಿಕೆ ವಹಿಸುವ ಮೊದಲು ಸಾಲನ್ನು ಎರಡು ಸಲ ಓದಿ. ಬೇಕಾದದ್ದರ ನಕಲನ್ನು ಬೇರೊಂದು ಕಡೆ ಇಟ್ಟ ಮೇಲೆಯೇ ಉಳಿದ ಮಾತು.

ಇದಿಷ್ಟು ಯಂತ್ರದ ವಿಷಯ. ಇನ್ನೊಂದು ಮಾತಿದೆ. "ಅದನ್ನ ಅಲ್ಲಿಡು", "ಅದೇನೋ ಇತ್ತಲ್ಲ, ಕೊಡು" ಎಂದು ನಾನು ದಿನವೂ ಮನೆಯಲ್ಲಿ ಆಡುವ ಮಾತುಗಳನ್ನು ಈ ಕಪ್ಪು ಕಿಟಕಿಗೆ ಹೇಳಿದ್ದರೆ ನನ್ನ ಸಂಸಾರ ಒಂದು ವಾರ ನಡೆಯುತ್ತಿರಲಿಲ್ಲ. ಯಂತ್ರ ನಾವು ಹೇಳಿದ್ದನ್ನು ಮಾಡುತ್ತದೆ. ಮನೆಯವರು ನಾವು ಹೇಳಬೇಕೆಂದಿದ್ದುದನ್ನು ತಿಳಿದು ಮಾಡುತ್ತಾರೆ. ನಮ್ಮ ತಪ್ಪು ತೆರಪುಗಳನ್ನು ತಾವೇ ಮುಚ್ಚಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಇಷ್ಟು ವರ್ಷ ಅದನ್ನು ನನ್ನ ಭಾಷಾ ಪಾಂಡಿತ್ಯವೆಂದು ಭಾವಿಸಿದ್ದೆ. ಅದು ಅವರ ಔದಾರ್ಯವೆಂದು ತಿಳಿದದ್ದು ಒಂದು ತೆರಪಿನಿಂದ.

ಮೊನ್ನೆ ಹಾಡುಗಳೆಲ್ಲವನ್ನೂ ಎರಡು ಪೆನ್‌ಡ್ರೈವುಗಳಿಗೆ ಇಳಿಸುತ್ತಿದ್ದೆ. ಅಮ್ಮ ಹೂ ಕಟ್ಟುತ್ತಾ ಕೇಳಿದರು: "ಈಗ ಅದಕ್ಕೆ ಏನು ಅಂತ ಹೇಳ್ದೆಯೋ?"

"ಸಿಪಿ ಅಂತ ಅಮ್ಮ. ಅಂದರೆ ಇನ್ನೊಂದು ಪ್ರತಿ ಮಾಡು ಅಂತ."

"ಅದನ್ನ ಮೊದಲನೇ ಪಾಠದಲ್ಲೇ ಹೇಳಿಕೊಟ್ಟಿರಲಿಲ್ಲವೇನೋ ಆ ಹುಡುಗ?"

ಹೇಳಿಕೊಟ್ಟಿದ್ದ. ಮೇಷ್ಟರು ಗಮನವಿಟ್ಟು ಕೇಳಿರಲಿಲ್ಲ.